ಅಕ್ಕನ ಕಿಟಕಿಯ ಕುಂಡ

ನನ್ನ ಕೈಗುಣಕ್ಕೆ ಪೊರಕೆ ಕಡ್ಡಿಯೂ ಚಿಗುರುತ್ತದೆ, ಬೇಕಾದರೆ ಯಾರನ್ನಾದರೂ ಕೇಳಿ. ಅದಕ್ಕೇ ಅಕ್ಕ ಚಳಿಗಾಲ ಕಳೆಯಲು ಮಗಳ ಮನೆಗೆ ಹೊರಟಾಗ ಬೀಗದ ಕೈಯನ್ನು ನನಗೇ ಕೊಟ್ಟಳು.

"ಅಮ್ಮ ತೀರಿಕೊಂಡ್ಮೇಲೆ, ಅವಳು ನೆಟ್ಟಿದ್ರಲ್ಲಿ ಉಳಿದಿರೋದು ಇದೊಂದೇ ಗಿಡ ಕಣೋ. ಚಳೀಲಿ ನೀರು ಹೆಚ್ಚಾದ್ರೆ ಬೇರು ಕೊಳೆಯುತ್ತೆ. ಬೆರಳು ಚುಚ್ಚಿ ನೋಡು, ಒಣಗಿದ್ರೆ ಮಾತ್ರ ಹಾಕು," ಎಂದಿದ್ದಳು.

ವಾರಕ್ಕೊಮ್ಮೆ ಬೆಳಿಗ್ಗೆ ಹೋಗುತ್ತಿದ್ದೆ. ಬೀಗ ಹಾಕಿದ ಆ ಮನೆ ಆನೆಗೂ ನೆಗಡಿಯಾಗುವಷ್ಟು ತಣ್ಣಗಿತ್ತು. ಬೆರಳು ಚುಚ್ಚಿದರೆ ಮಣ್ಣು ಮಾತ್ರ ಒದ್ದೆ, ಅದೂ ಬೆಚ್ಚಗೆ. ಮೂರನೆಯ ವಾರ, ನಾನು ಚುಚ್ಚಿದ್ದ ತೂತಿನ ಪಕ್ಕದಲ್ಲೇ ಇನ್ನೊಂದು ಸಣ್ಣ ತೂತಿತ್ತು.

"ಇನ್ನೊಂದು ಬೀಗದ ಕೈ ಯಾರ ಹತ್ರ ಇದೆ ಅಕ್ಕಾ?" ಎಂದು ಫೋನಿನಲ್ಲಿ ಕೇಳಿದೆ.

"ಇರೋದೇ ಒಂದು. ಕಳೆದು ಹಾಕಿದ್ಯಾ, ಮಹಾರಾಯ?"

ಬೇರು ಕೊಳೆತೀತೆಂದು ಹೆದರಿ, ಅಡಿಯ ತಟ್ಟೆಯನ್ನು ಕಿಟಕಿಯಲ್ಲೇ ಬಿಟ್ಟು, ಕುಂಡವನ್ನು ನನ್ನ ಮನೆಗೆ ಹೊತ್ತು ತಂದೆ. ಅಳೆದೂ ಸುರಿದೂ ನೀರು ಹಾಕಿದರೂ ವಾರದೊಳಗೆ ಎಲೆಗಳು ಹಳದಿಯಾದವು. ತಟ್ಟೆ ತರಲು ಹೋದರೆ ಅದರ ತುಂಬ ನೀರು, ಉಗುರುಬೆಚ್ಚಗೆ.

ಏನೂ ತೋಚದೆ ಕುಂಡವನ್ನು ಮತ್ತೆ ಅಲ್ಲೇ ಇಟ್ಟು ಬಂದೆ. ಈ ಕೊರೆಯುವ ಚಳಿಯಲ್ಲಿ ಎರಡು ಹೊಸ ಎಲೆ ಬಿಟ್ಟಿದೆ. ಅಲ್ಲಿ ನಾನಂತೂ ಒಂದು ಹನಿ ನೀರೂ ಹಾಕಿಲ್ಲ.