ಕೊಟ್ಟಿಗೆ ತೊಳೆಯುವ ಹೊತ್ತು

"ಅಲ್ಲೇ ನಿಲ್ಲಿ. ಇನ್ನೊಂದು ಹೆಜ್ಜೆ ಇಟ್ರೆ ಹಳ್ಳದೊಳಗೆ ಇರ್ತೀರಿ."

ಅವಳು ನಿಂತಳು. ಒಂದು ಕೈಯಲ್ಲಿ ಬಾಟಲಿ, ಇನ್ನೊಂದು ಕೈ ಗಾಳಿಯಲ್ಲಿ.

ದಡದ ಮೇಲೆ ಕೊಟ್ಟಿಗೆಯ ಬಾಗಿಲಲ್ಲಿ ಒಬ್ಬ ಪೊರಕೆ ಹಿಡಿದು ನಿಂತಿದ್ದ. ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿದ್ದ. ಅವನ ಕಾಲ ಬುಡದಿಂದ ಸಗಣಿ, ಗಂಜಲ ಬೆರೆತ ಕಪ್ಪು ನೀರು ಸಣ್ಣ ಕಾಲುವೆಯಲ್ಲಿ ಇಳಿದು, ಅವಳ ಪಕ್ಕದಲ್ಲೇ ಹಳ್ಳ ಸೇರುತ್ತಿತ್ತು.

"ಆ ಕಲ್ಲು ಪಾಚಿ ಹಿಡಿದಿದೆ. ನಮ್ಮ ಹಸುಗಳೇ ಅದರ ಮೇಲೆ ಕಾಲಿಡಲ್ಲ. ಯಾರು ನೀವು?"

"ನೀರು ಪರೀಕ್ಷೆ ಮಾಡೋಕೆ ಬಂದಿದ್ದೀನಿ. ಜಲಾನಯನ ಯೋಜನೆಯಿಂದ."

"ಓ, ಬಾಟಲಿ ಮೇಡಂ ಅಂದ್ರೆ ನೀವೇನಾ?" ಅವನು ಪೊರಕೆ ಬದಿಗಿಟ್ಟ. "ನನ್ನ ಕೊಟ್ಟಿಗೆ ತೊಳೆದ ನೀರನ್ನ ಬಾಟಲಿಗೆ ತುಂಬ್ಕೊಂಡು ಹೋಗ್ತೀರಿ ಅಂದ್ರೆ ಬೇಡ ಅನ್ನೋಕೆ ನಾನ್ಯಾರು. ತಗೊಳ್ಳಿ, ಧಾರಾಳವಾಗಿ ಇದೆ."

ಅವಳಿಗೆ ನಗು ಬಂತು.

ನಗು ಬಂದದ್ದಕ್ಕೆ ಅವಳೇ ಬೆಚ್ಚಿದಳು. ಗಂಡ ಹೋಗಿ ಎರಡು ವರ್ಷವಾಗಿತ್ತು. ಜ್ವರ ಎಂದು ಮಲಗಿದವನು ಮತ್ತೆ ಏಳಲಿಲ್ಲ. ಆಮೇಲೆ ಅವಳು ಅತ್ತಿರಲೂ ಇಲ್ಲ, ನಕ್ಕಿರಲೂ ಇಲ್ಲ. ಎದೆಯೊಳಗೆ ಯಾರೋ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಮರೆತುಹೋದ ಹಾಗೆ ಇತ್ತು. ಈಗ ಒಬ್ಬ ಹಾಲಿನವನ ಮಾತಿಗೆ, ಅದೂ ಸಗಣಿ ನೀರಿನ ಮಾತಿಗೆ...

ತಲೆ ತಗ್ಗಿಸಿ ಬಾಟಲಿ ತುಂಬಿಕೊಂಡು ಹೊರಟಳು.

*

ಹಳ್ಳ ದೊಡ್ಡದೇನಲ್ಲ. ಮೇಲಿನ ಗುಡ್ಡದಲ್ಲಿ ಹುಟ್ಟಿ, ನಾಲ್ಕು ಕೊಟ್ಟಿಗೆಗಳ ಬೆನ್ನಿಗೆ ಹರಿದು, ಕೆಳಗಿನ ಊರಿನ ಬಾವಿಯ ಪಕ್ಕದಿಂದ ಹೊಳೆಗೆ ಸೇರುತ್ತಿತ್ತು. ಆ ಊರಿನ ಮಕ್ಕಳಿಗೆ ಹೊಟ್ಟೆ ಕೆಡುವುದು ಮಾಮೂಲಾಗಿತ್ತು. ಯಾವ ಕೊಟ್ಟಿಗೆಯಿಂದ ಎಷ್ಟು ಕೊಳೆ ಹಳ್ಳ ಸೇರುತ್ತದೆ ಎಂದು ಪತ್ತೆ ಮಾಡಿ, ಅದನ್ನು ತಡೆಯುವುದು ಯೋಜನೆಯ ಕೆಲಸ. ವಾರಕ್ಕೊಮ್ಮೆ, ಶುಕ್ರವಾರ, ನಾಲ್ಕೂ ಕಡೆ ನೀರಿನ ಮಾದರಿ ತೆಗೆಯುವುದು ಅವಳ ಕೆಲಸ.

ನಾಲ್ಕೂ ಕಡೆ ನಡೆದು ಮುಗಿಸುವಷ್ಟರಲ್ಲಿ ಮಧ್ಯಾಹ್ನ ಕಳೆಯುತ್ತಿತ್ತು. ಹಾಗಾಗಿ ಒಂದು ನಿಯಮವಿತ್ತು. ಒಂದು ವಾರ ಮೇಲಿನಿಂದ ಕೆಳಗೆ ಬಂದರೆ ಮರುವಾರ ಕೆಳಗಿನಿಂದ ಮೇಲೆ ಹೋಗಬೇಕು. ಬೆಳಿಗ್ಗೆ ಎಲ್ಲರೂ ಹಾಲು ಕರೆದು ಕೊಟ್ಟಿಗೆ ತೊಳೆಯುತ್ತಾರೆ, ಆಗ ನೀರು ಕಪ್ಪಾಗಿರುತ್ತದೆ. ಮಧ್ಯಾಹ್ನದ ಹೊತ್ತಿಗೆ ಕೊಳೆಯೆಲ್ಲ ಹರಿದುಹೋಗಿ ತಿಳಿಯಾಗಿರುತ್ತದೆ. ಸರದಿ ಬದಲಿಸದಿದ್ದರೆ ಒಬ್ಬನ ಕೊಳೆ ಮಾತ್ರ ಸಿಕ್ಕಿಬೀಳುತ್ತದೆ, ಉಳಿದವರು ಬಚಾವಾಗುತ್ತಾರೆ.

ವಿಶ್ವವಿದ್ಯಾಲಯದಲ್ಲಿ ಇದನ್ನೇ ಓದಿ ಬಂದವಳು ಅವಳು.

ಆದರೆ ಎರಡನೇ ಶುಕ್ರವಾರವೂ ಅವಳು ಮೇಲಿನಿಂದಲೇ ಶುರುಮಾಡಿದಳು. ಮೊದಲ ಕೊಟ್ಟಿಗೆ ಅವನದು. ಪಾಚಿ ಕಲ್ಲಿನ ಮೇಲೆ ಒಂದು ಹಲಗೆ ಬಂದಿತ್ತು.

"ಇವತ್ತು ನಮ್ಮ ಹಳ್ಳ ಪಾಸಾ, ಫೇಲಾ?"

"ರಿಸಲ್ಟ್ ಬರೋಕೆ ಎರಡು ದಿನ ಬೇಕು."

"ನೋಡಿದ್ರೇ ಗೊತ್ತಾಗುತ್ತಲ್ಲ. ನಾನೂ ಮೂರು ಸಲ ಫೇಲಾದವನು, ಆ ಬಣ್ಣ ನನಗೆ ಪರಿಚಯ."

ಮೂರನೇ ಶುಕ್ರವಾರ ಅವನು ಹಸುಗಳ ಪರಿಚಯ ಮಾಡಿಕೊಟ್ಟ. ಬಿಳಿಯದು ಹಾಲು ಕರೆಯುವಾಗ ಬಾಲದಲ್ಲಿ ಹೊಡೆಯುತ್ತದೆ, ಕಂದು ಬಣ್ಣದ್ದು ಸೊಕ್ಕಿನದು, ಯಾರಾದರೂ ಹಾಡಿದರೆ ಮಾತ್ರ ಹಾಲಿಳಿಸುತ್ತದೆ. "ನಾನು ಹಾಡೋದು ಕೇಳಿ ಪಕ್ಕದ ಮನೆಯವರು ಜಾಗ ಖಾಲಿ ಮಾಡಿದ್ರು. ಇವಳಿಗೆ ಮಾತ್ರ ಇಷ್ಟ."

ಅವಳು ಬಾಟಲಿ ತುಂಬಿದ ಮೇಲೂ ನಿಂತಿದ್ದಳು.

ಒಂದು ದಿನ ಅವನು ಸುಮ್ಮನೆ ಕೇಳಿದ. "ಮನೇಲಿ ಯಾರಿದ್ದಾರೆ?"

"ನಾನು, ಅತ್ತೆ."

ಅವನು ಮುಂದೆ ಕೇಳಲಿಲ್ಲ. ಪೊರಕೆ ಹಿಡಿದು ತೊಳೆದ ಜಾಗವನ್ನೇ ಮತ್ತೆ ತೊಳೆದ. ಆ ಮೌನಕ್ಕೆ ಅವಳು ಮನಸ್ಸಿನಲ್ಲೇ ಕೈಮುಗಿದಳು.

'ಮುಂದಿನ ವಾರ ಕೆಳಗಿನಿಂದ ಶುರುಮಾಡಬೇಕು' ಎಂದು ಪ್ರತಿ ಗುರುವಾರ ಅಂದುಕೊಳ್ಳುತ್ತಿದ್ದಳು. ಶುಕ್ರವಾರ ಬೆಳಿಗ್ಗೆ ಕಾಲುಗಳು ಮೇಲಿನ ದಾರಿಯನ್ನೇ ಹಿಡಿಯುತ್ತಿದ್ದವು. ಯಾಕೆ ಎಂದು ಅವಳು ತನ್ನನ್ನು ಕೇಳಿಕೊಳ್ಳಲಿಲ್ಲ. ಕೇಳಿಕೊಂಡರೆ ಉತ್ತರ ಹೇಳಬೇಕಾಗುತ್ತಿತ್ತು. ಹೇಳಿದರೆ, ಗೋಡೆಯ ಮೇಲೆ ಫೋಟೊದಲ್ಲಿ ನಗುತ್ತಿರುವವನಿಗೆ ಏನು ಮುಖ ತೋರಿಸುವುದು?

*

ಊರಿನ ಜಲಾನಯನ ಸಮಿತಿಯ ಸಭೆ ಶಾಲೆಯ ಕೋಣೆಯಲ್ಲಿ ನಡೆಯಿತು. ದೊಡ್ಡವರೆಲ್ಲ ಮಕ್ಕಳ ಬೆಂಚುಗಳಲ್ಲಿ ಮೊಣಕಾಲು ಮಡಚಿ ಕುಳಿತಿದ್ದರು. ಯೋಜನೆಯ ಎಂಜಿನಿಯರ್ ಗೋಡೆಯ ಮೇಲೆ ಚಿತ್ರ ಹಾಕಿ ತೋರಿಸಿದರು, ಒಂದೊಂದು ಕೊಟ್ಟಿಗೆಯ ಕೊಳೆಗೆ ಒಂದೊಂದು ಕಂಬ. ಮೂರು ಕಂಬ ಗಿಡ್ಡ, ಒಂದು ಕಂಬ ಸೂರಿಗೆ ತಗಲುವಷ್ಟು ಎತ್ತರ.

"ಮೂರು ಕೊಟ್ಟಿಗೆಯವರದು ಪರವಾಗಿಲ್ಲ. ಮೇಲಿನ ಕೊಟ್ಟಿಗೆಯದು ಮಾತ್ರ ವಿಪರೀತ. ಇದನ್ನ ದಡದಿಂದ ಎತ್ತಲೇಬೇಕು."

"ಎತ್ತಿ ಎಲ್ಲಿಡಲಿ ಸಾರ್?" ಅವನು ಎದ್ದು ನಿಂತ. "ನನಗಿರೋ ಜಾಗವೇ ಅದು."

ಸಮಿತಿಯ ಅಧ್ಯಕ್ಷರು ಅವನ ಕಡೆ ತಿರುಗಿದರು. "ನೋಡಪ್ಪಾ, ಕೆಳಗೆ ಮಕ್ಕಳು ಕುಡಿಯೋ ನೀರು ಅದು. ಎತ್ತೋವರೆಗೂ ಡೇರಿಯಲ್ಲಿ ನಿನ್ನ ಹಾಲು ತಗೊಳ್ಳಲ್ಲ. ಬೇಜಾರು ಮಾಡ್ಕೋಬೇಡ."

ಅವಳು ಆ ಎತ್ತರದ ಕಂಬವನ್ನೇ ನೋಡುತ್ತಿದ್ದಳು. ಅದು ಅವನ ಕೊಳೆಯ ಎತ್ತರವಲ್ಲ ಎಂದು ಆ ಕೋಣೆಯಲ್ಲಿ ಗೊತ್ತಿದ್ದವಳು ಅವಳೊಬ್ಬಳೇ. ಈಗಲೇ ಏಳಬೇಕು... ಹೇಳಬೇಕು... ಆದರೆ ಮೊದಲ ಪ್ರಶ್ನೆಯೇ 'ಸರದಿ ಯಾಕೆ ಬದಲಿಸಲಿಲ್ಲ' ಎಂದು ಬರುತ್ತದೆ. ಅವಳು ಕುಳಿತೇ ಇದ್ದಳು.

ಹೊರಗೆ ಅವನು ಸೈಕಲ್ಲಿಗೆ ಖಾಲಿ ಕ್ಯಾನು ಕಟ್ಟುತ್ತಿದ್ದ. ಅವಳನ್ನು ಕಂಡು ಹಗ್ಗ ಬಿಟ್ಟ.

"ಒಂದು ಮಾತು ಕೇಳ್ತೀನಿ. ಉಳಿದವರ ಕಡೆಗೆ ಮಧ್ಯಾಹ್ನದ ಮೇಲೆ ಹೋಗ್ತಿದ್ರಂತೆ. ನಾನು ಕೊಟ್ಟಿಗೆ ತೊಳೆಯೋ ಹೊತ್ತಿಗೇ ಬರಬೇಕು ಅಂತ ನಿಮಗೆ ಆಫೀಸಲ್ಲಿ ಹೇಳಿದ್ರಾ?"

"ಇಲ್ಲ."

"ಹಾಗಾದ್ರೆ ನೀವೇ ಆರಿಸ್ಕೊಂಡಿದ್ದು."

"...ಹೌದು."

ಅವನು ಬಿಟ್ಟ ಹಗ್ಗವನ್ನು ಮತ್ತೆ ಕೈಗೆತ್ತಿಕೊಂಡು ಗಂಟು ಹಾಕಿದ. ಕೋಪ ಮಾಡಿಕೊಂಡಿದ್ದರೆ ತಡೆದುಕೊಳ್ಳಬಹುದಿತ್ತು.

"ನೀವು ಜಾರಬಾರದು ಅಂತ ಹಲಗೆ ಹಾಕಿದೆ," ಎಂದ. "ಬರಲಿ ಅಂತ ಕಾಯ್ತಾನೂ ಇದ್ದೆ. ಎಂಥ ಪೆದ್ದ ನಾನು."

ಸೈಕಲ್ ತಳ್ಳಿಕೊಂಡು ಹೊರಟುಹೋದ. ಕ್ಯಾನುಗಳ ಸದ್ದು ತಿರುವಿನವರೆಗೆ ಕೇಳಿಸಿತು.

*

ಮುಂದಿನ ಶುಕ್ರವಾರ ಅವಳು ರಜೆ ಹಾಕಿದಳು. ಅದರ ಮುಂದಿನದೂ.

ಅತ್ತೆ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತ, ಮುಖ ಎತ್ತದೆ ಹೇಳಿದರು. "ಮೇಲಿನ ಕೊಟ್ಟಿಗೆಯವನು ಎರಡು ಹಸು ಮಾರಿದ್ನಂತೆ. ಬಿಳೀದು, ಕಂದು. ಲಾರಿ ಹತ್ತೋಕೆ ಒಪ್ಪಲಿಲ್ಲವಂತೆ, ಇವನೇ ಹಾಡಿ ಹತ್ತಿಸಿದ್ನಂತೆ."

ಅವಳು ಕೈಯಲ್ಲಿದ್ದ ಲೋಟವನ್ನು ಮೇಜಿನ ಮೇಲಿಟ್ಟಳು, ತುಸು ಜೋರಾಗಿ.

"ಅವನೊಬ್ಬನೇ ಏನು ಕೊಟ್ಟಿಗೆ ತೊಳೆಯೋದು?" ಎಂದರು ಅತ್ತೆ. "ಊರಲ್ಲಿ ಎಲ್ಲರ ಹಸುಗಳೂ ಸಗಣಿ ಹಾಕ್ತಾವೆ, ನನಗೆ ಗೊತ್ತಿರೋ ಮಟ್ಟಿಗೆ."

"ಅತ್ತೆ... ಬೇಡ."

ಅತ್ತೆ ಚಾಕು ಕೆಳಗಿಟ್ಟರು.

"ಶುಕ್ರವಾರ ಬೆಳಿಗ್ಗೆ ನೀನು ಎರಡು ಸಲ ತಲೆ ಬಾಚ್ತಿದ್ದೆ. ಹಳ್ಳದ ಕೆಸರಿಗೆ ಹೋಗೋಳು ಇಸ್ತ್ರಿ ಮಾಡಿದ ಬಟ್ಟೆ ಹಾಕ್ತಿದ್ದೆ. ನನಗೆ ಮಂಡಿ ನೋವಿದೆ, ಕಣ್ಣು ಚೆನ್ನಾಗೇ ಇದೆ."

ಅವಳು ಗೋಡೆಗೆ ಒರಗಿ ಕುಳಿತಳು. ಎರಡು ವರ್ಷದಿಂದ ಎಲ್ಲಿತ್ತೋ ಆ ಅಳು... ಸದ್ದೇ ಇಲ್ಲದೆ ಬಂತು. ಗಂಡನಿಗಾಗಿ ಬಂತೋ, ಲಾರಿ ಹತ್ತಿದ ಹಸುಗಳಿಗಾಗಿ ಬಂತೋ, ಅವಳಿಗೇ ತಿಳಿಯಲಿಲ್ಲ.

"ನಿಮಗೆ... ಬೇಜಾರಾಗಲಿಲ್ವಾ ಅತ್ತೆ?"

"ಆಗದೆ ಇರುತ್ತಾ? ನನ್ನ ಮಗ ಅವನು." ಅತ್ತೆಯ ದನಿ ಒಂದು ಕ್ಷಣ ಒಡೆಯಿತು, ಮತ್ತೆ ಕೂಡಿಕೊಂಡಿತು. "ಬೇಜಾರಿದೆ. ಅದು ನನ್ನದು, ನಾನು ನೋಡ್ಕೋತೀನಿ. ಅದಕ್ಕೆ ಇನ್ನೊಬ್ಬರ ಕೊಟ್ಟಿಗೆ ಯಾಕೆ ಖಾಲಿಯಾಗಬೇಕು? ಎದ್ದು ಮುಖ ತೊಳ್ಕೋ. ಹೋಗಿ ಹೇಳಬೇಕಾದವರಿಗೆ ಹೇಳು."

*

ಮತ್ತೆ ಅದೇ ಶಾಲೆಯ ಕೋಣೆ, ಅವಳೇ ಕೇಳಿಕೊಂಡು ಕರೆಸಿದ ಸಭೆ. ಅವನು ಬಂದಿರಲಿಲ್ಲ.

"ಆ ಅಂಕಿಗಳು ಸರಿಯಿಲ್ಲ," ಎಂದಳು. "ನಾನು ಸರದಿ ಬದಲಿಸಲೇ ಇಲ್ಲ. ಮೇಲಿನ ಕೊಟ್ಟಿಗೆಯವರ ಕಡೆಗೆ ಯಾವಾಗಲೂ ತೊಳೆಯೋ ಹೊತ್ತಿಗೆ ಹೋದೆ. ಉಳಿದವರ ಕಡೆಗೆ ನೀರು ತಿಳಿಯಾದ ಮೇಲೆ ಹೋದೆ. ಎಲ್ಲರ ಕಡೆಯೂ ತೊಳೆಯೋ ಹೊತ್ತಿಗೇ ತೆಗೆದು ನೋಡಿ."

ಎಂಜಿನಿಯರ್ ಕನ್ನಡಕ ತೆಗೆದರು. "ನಿಯಮ ಗೊತ್ತಿರಲಿಲ್ವಾ ನಿಮಗೆ?"

"ಗೊತ್ತಿತ್ತು."

"ಮತ್ತೆ ಯಾಕಮ್ಮಾ?"

ಬೆಂಚುಗಳು ಕಿರುಗುಟ್ಟುವುದು ನಿಂತಿತು. ಮರೆವು ಎನ್ನಬಹುದಿತ್ತು. ಕಾಲುನೋವು ಎನ್ನಬಹುದಿತ್ತು. ಆದರೆ ಅರ್ಧ ನಿಜ ಹೇಳಿದರೆ ಅಂಕಿಗಳನ್ನು ನಂಬಿದ ಹಾಗೆ ಅದನ್ನೂ ಯಾರಾದರೂ ನಂಬಿಬಿಡುತ್ತಾರೆ.

"ಆ ಹೊತ್ತಿಗೆ ಅವರು ದಡದಲ್ಲಿರ್ತಿದ್ರು," ಎಂದಳು. "ಅವರನ್ನ ನೋಡೋಕೆ ಹೋಗ್ತಿದ್ದೆ."

ಯಾರೋ ಕೆಮ್ಮಿದರು. ಅಧ್ಯಕ್ಷರು ಸೂರು ನೋಡಿದರು. ಹಿಂದಿನ ಬೆಂಚಿನಿಂದ ಒಬ್ಬಾಕೆ ಪಕ್ಕದವಳಿಗೆ ಪಿಸುಗುಟ್ಟಿದಳು: "ಇಷ್ಟು ಖರ್ಚು ಮಾಡಿ ಮಾಡಿದ ಯೋಜನೆ, ಕಡೆಗೆ ಗೊತ್ತಾಗಿದ್ದು ಇದು ನೋಡು."

ನಾಲ್ಕೂ ಕಡೆ ಒಂದೇ ಹೊತ್ತಿಗೆ ಮತ್ತೆ ಮಾದರಿ ತೆಗೆದರು, ಬೇರೆಯವರ ಕೈಯಲ್ಲಿ. ನಾಲ್ಕೂ ಒಂದೇ ಕಪ್ಪು. ಯಾರ ಕೊಟ್ಟಿಗೆಯನ್ನೂ ಎತ್ತುವುದು ಬೇಡ, ಪ್ರತಿಯೊಬ್ಬರೂ ತೊಳೆದ ನೀರಿಗೆ ಇಂಗುಗುಂಡಿ ತೋಡಬೇಕು, ದಡದುದ್ದಕ್ಕೂ ಬೇಲಿ ಹಾಕಿ ಹುಲ್ಲು ಬೆಳೆಸಬೇಕು ಎಂದು ತೀರ್ಮಾನವಾಯಿತು. ಡೇರಿ ಅವನ ಹಾಲನ್ನು ಮತ್ತೆ ತೆಗೆದುಕೊಂಡಿತು, ಉಳಿದ ಮೂರು ಹಸುಗಳದ್ದು.

ಅವಳ ಕೆಲಸ ಹೋಯಿತು. ನ್ಯಾಯವಾಗಿಯೇ ಹೋಯಿತು.

*

ಅವಳು ಹಳ್ಳಕ್ಕೆ ಹೋದದ್ದು ಒಂದು ಸಂಜೆ. ಅವನು ಸೊಂಟದವರೆಗೆ ಗುಂಡಿಯೊಳಗಿದ್ದ. ಗುದ್ದಲಿ ನಿಲ್ಲಿಸಿದ, ಮೇಲೆ ಬರಲಿಲ್ಲ.

"ಎಲ್ಲರ ಮುಂದೆ ಹೇಳಿದ್ರಂತೆ."

"ಹೌದು."

"ಅಧ್ಯಕ್ಷರು ಹೇಳಿದ್ರು, ಡೇರಿಯವರು ಹೇಳಿದ್ರು, ಸೈಕಲ್ ಪಂಚರ್ ಹಾಕೋನೂ ಹೇಳಿದ. ನನ್ನ ಮುಂದೆ ಮಾತ್ರ ನೀವು ಹೇಳಲಿಲ್ಲ. ಅವತ್ತು ಸ್ಕೂಲಿನ ಹೊರಗೆ ಕೇಳಿದಾಗ ಒಂದು ಮಾತು ಹೇಳಿದ್ರೆ..."

"ಹಸುಗಳು ಉಳೀತಿದ್ವು," ಎಂದು ಅವಳೇ ಮುಗಿಸಿದಳು. "ಹೇಳೋ ಧೈರ್ಯ ಇರಲಿಲ್ಲ. ಹೇಳಿದ್ರೆ ನನ್ನ ಗಂಡ ಇನ್ನೊಂದು ಸಲ ಹೋಗಿಬಿಡ್ತಾರೆ ಅನ್ನಿಸ್ತಿತ್ತು."

"ಈಗ?"

"ಅವರು ಹೋಗಿ ಎರಡು ವರ್ಷ ಆಯ್ತು. ನನಗೆ ಗೊತ್ತಾಗಿದ್ದು ಈಗ."

ಗುಂಡಿಯ ಅಂಚಿನಿಂದ ಮಣ್ಣು ಉದುರಿತು. ಕೊಟ್ಟಿಗೆಯಲ್ಲಿ ಒಂದು ಹಸು ಕೂಗಿತು. ಉತ್ತರ ಬರಬೇಕಾದ ಕಡೆ ಎರಡು ಗೂಟ ಬರಿದಾಗಿದ್ದವು.

"ವಾಪಸ್ ಕೊಡ್ತೀರಾ ಅಂತ ಕೇಳೋಕೆ ಹೋಗಿದ್ದೆ," ಎಂದ ಅವನು. "ಕೊಂಡವನು ಇನ್ನೆಲ್ಲಿಗೋ ಮಾರಿಬಿಟ್ಟಿದ್ದ. ಕಂದು ಹಸುವಿಗೆ ಅಲ್ಲಿ ಯಾರು ಹಾಡ್ತಾರೋ..." ಅವನು ಮುಖ ತಿರುಗಿಸಿದ. ಬೆನ್ನು ಅಲುಗುತ್ತಿತ್ತು.

ಅವಳು ಗುಂಡಿಯ ಅಂಚಿನಲ್ಲಿ ಮಣ್ಣಿನ ಮೇಲೆ ಕುಳಿತಳು. ಸಮಾಧಾನ ಹೇಳಲಿಲ್ಲ. ಅದು ಯಾವ ಕೆಲಸಕ್ಕೂ ಬಾರದ ವಸ್ತು ಎಂದು ಅವಳಿಗೆ ಗೊತ್ತಿತ್ತು.

ಅವನು ತಿರುಗದೆಯೇ ಹೇಳಿದ. "ಆ ಗೂಟ ನೋಡಿದಾಗೆಲ್ಲ ನಿಮ್ಮ ಮೇಲೆ ಕೋಪ ಬರುತ್ತೆ."

"ಬರಲಿ."

"ಎಷ್ಟು ದಿನ ಬರುತ್ತೋ ಗೊತ್ತಿಲ್ಲ. ಒಂದೊಂದು ದಿನ ಮಾತೇ ಆಡದೆ ಇದ್ದುಬಿಡ್ತೀನಿ."

"ಆಡಬೇಡಿ. ನಾನು ಪಕ್ಕದಲ್ಲಿ ಕೂತಿರ್ತೀನಿ. ನನಗೂ ಈಗ ಬೇರೆ ಕೆಲಸ ಇಲ್ಲ."

ಅವನು ತಿರುಗಿ ನೋಡಿದ. ಅವನ ಕಣ್ಣು ಒದ್ದೆಯಾಗಿತ್ತು. ತುಟಿಯ ಒಂದು ಕೊನೆ ನಗಬೇಕೋ ಬೇಡವೋ ಎಂದು ತಡವರಿಸುತ್ತಿತ್ತು.

"ಕೆಲಸ ಇಲ್ಲ ಅಂತ ಬಂದ್ರಾ?"

"ಅಲ್ಲ," ಎಂದಳು. "ನೀವಿದ್ದೀರಿ ಅಂತ ಬಂದೆ."

ಅವನು ಮಣ್ಣು ಮೆತ್ತಿದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಮತ್ತೊಮ್ಮೆ ಒರೆಸಿಕೊಂಡ. ಆಮೇಲೆ ಮೇಲೆ ಚಾಚಿದ.

"ಹತ್ತೋಕಾಗ್ತಿಲ್ಲ," ಎಂದ. "ಕೈ ಕೊಡಿ."