ಕಿರುಬೆರಳಿನ ಹತ್ತಿರ ಇನ್ನೂ ಸ್ವಲ್ಪ

“ಹತ್ತೊಂಬತ್ತು ಜನ ಸರಿಯಿದೆ ಅಂದಾಯ್ತು. ಆ ಮಹಾರಾಣಿ ಒಬ್ಬಳಿಗೆ ಮಾತ್ರ ಇನ್ನೂ ಒತ್ತುತ್ತಂತೆ! ನೋಡಪ್ಪಾ, ಇವತ್ತು ಸಂಜೆ ಮೌಸಿನ ಮಾದರಿ ಅಚ್ಚು ತೆಗೆಯೋಕೆ ಹೋಗ್ಲೇಬೇಕು,” ಎಂದು ಫಾರಂ ಅನ್ನು ಮೇಜಿನ ಮೇಲೆ ಕುಕ್ಕಿ ಮ್ಯಾನೇಜರಮ್ಮ ಹೊರಟುಹೋದರು.

ಅವನು ತಲೆಯಾಡಿಸಿದ. ಕಂಪ್ಯೂಟರ್ ಗೇಮ್ ಆಡುವವರ ಮೌಸ್‌ಗೆ ಗಟ್ಟಿ ಫೋಮಿನಲ್ಲಿ ಮಾದರಿ ಕೆತ್ತಿ, ಉಜ್ಜಿ ಉಜ್ಜಿ ನಯ ಮಾಡುವುದು ಅವನ ಕೆಲಸ. ಪರೀಕ್ಷಿಸಲು ಬರುವವರು ಅಂಗೈಗೆ ನೀಲಿ ಪುಡಿ ಸವರಿಕೊಂಡು ಅದನ್ನು ಹಿಡಿಯುತ್ತಾರೆ. ನೀಲಿ ಹತ್ತಿದ ಕಡೆ ಕೈ ಕೂತಿದೆ. ಬಿಳಿ ಉಳಿದ ಕಡೆ ಕೂತಿಲ್ಲ.

ಎಲ್ಲ ಗುರುವಾರಗಳಂತೆ ಮೂರು ಗಂಟೆಗೆ ಸರಿಯಾಗಿ ಆ ‘ಮಹಾರಾಣಿ’ ಬಂದಳು.

“ಉಜ್ಜಿದ್ರಾ?”

“ಕೂದಲೆಳೆಯಷ್ಟು.”

ಪುಡಿ ಸವರಿಕೊಂಡು, ಕಣ್ಣು ಮುಚ್ಚಿ ಮಾದರಿಯನ್ನು ಹಿಡಿದಳು. ಕತ್ತಲಲ್ಲೂ ತನ್ನ ಮನೆಯ ಸ್ವಿಚ್ ಹುಡುಕುವವರ ಹಾಗೆ ಹೆಬ್ಬೆರಳು ತನ್ನ ತಗ್ಗನ್ನು ತಾನೇ ಹುಡುಕಿಕೊಂಡಿತು.

“ಕಿರುಬೆರಳಿನ ಹತ್ತಿರ… ಇನ್ನೂ ಸ್ವಲ್ಪ.”

ಮಣಿಕಟ್ಟಿನ ನೋವಿಗೆ ಎರಡು ವರ್ಷ ಆಟ ಬಿಟ್ಟಿದ್ದವಳು ಅವಳು. ಡಾಕ್ಟರು, ಅಣ್ಣ, ಗೆಳತಿಯರು ಎಲ್ಲರದೂ ಒಂದೇ ಮಾತು: ಆಡೋದು ಬಿಡು. ಮೊದಲ ದಿನ ಇವನೊಬ್ಬನೇ ಕೇಳಿದ್ದ, “ಎಲ್ಲಿ ನೋಯುತ್ತೆ? ಬೆರಳಿಟ್ಟು ತೋರಿಸಿ.”

‘ಮುಂದಿನ ಗುರುವಾರ ನೋಡೋಣ’ ಎನ್ನುವುದು ಅವನ ರೂಢಿ. ಇವತ್ತು ಹಾಗೆನ್ನುವಂತಿರಲಿಲ್ಲ. ಅವಳು ‘ಸರಿ’ ಎಂದರೆ ಈ ಕೋಣೆಗೆ ಮತ್ತೆ ಬರಬೇಕಾದ ಕೆಲಸವೇ ಇಲ್ಲ.

ಅವನು ಮಾದರಿಯನ್ನು ಬೆಳಕಿಗೆ ಹಿಡಿದ. “ನೋಡಿ, ಎಲ್ಲೂ ಒಂದು ಚುಕ್ಕೆ ಬಿಳಿ ಇಲ್ಲ. ಮೂರು ವಾರದಿಂದ ಇಲ್ಲ. ನಿಮಗೆ ಏನೂ ಒತ್ತುತ್ತಿಲ್ಲ.”

ಅವಳ ಕಿವಿ ಕೆಂಪಾಯಿತು. ಮಾದರಿಯನ್ನು ಕಸಿದು, ಕಿರುಬೆರಳು ಕೂರುವ ಜಾಗದ ಸಣ್ಣ ಗೀರನ್ನು ತೋರಿಸಿದಳು.

“ಇದು ಮೂರು ವಾರದ ಹಿಂದೆ ನಾನು ಉಗುರಲ್ಲಿ ಗೀರಿದ್ದು. ನೀವು ಕೂದಲೆಳೆಯಷ್ಟು ಉಜ್ಜಿದ್ರೂ ಅಳಿಸಿ ಹೋಗ್ಬೇಕಿತ್ತಲ್ಲ?”

ಅವನಿಗೆ ನಗು ಬಂತು.

“ಗೊತ್ತಿದ್ದೂ ಬರ್ತಿದ್ರಾ?” ಎಂದ.

“ಗೊತ್ತಾದ ಮೇಲೇ ಓಡಿ ಓಡಿ ಬರ್ತಿದ್ದೆ. ಸರಿಯಿದೆ ಅಂದ್ಬಿಟ್ರೆ ನೆಪ ಎಲ್ಲಿಂದ ತರ್ಲಿ?”

“ನೆಪ ಇಲ್ದೇನೇ ಬನ್ನಿ.”

“ಬಂದು?”

“ನೀವು ಆಡಿ. ಪಕ್ಕದಲ್ಲಿ ಕೂತು ನಾನು ಸೋಲ್ತಿರ್ತೀನಿ.”

“ಸೋಲೋಕೂ ಕೈ ಚೆನ್ನಾಗಿರ್ಬೇಕು. ಕೊಡಿ ಇಲ್ಲಿ, ನೋಡೋಣ.”

ಅವನ ಬಲಗೈಯನ್ನು ಮೇಜಿನ ಮೇಲೆ ಬಿಡಿಸಿಟ್ಟು, ಅದರ ಮೇಲೆ ತನ್ನ ನೀಲಿ ಅಂಗೈ ಇಟ್ಟಳು.

“ಎಲ್ಲಾದ್ರೂ ಒತ್ತುತ್ತಾ?” ಎಂದು ಮೆಲ್ಲಗೆ ಕೇಳಿದ.

“ಇಲ್ಲ,” ಎಂದಳು. “ನಿಜವಾಗ್ಲೂ ಇಲ್ಲ.”

ಫಾರಂನಲ್ಲಿ ‘ಸರಿಯಿದೆ’ ಎಂಬಲ್ಲಿ ಗುರುತು ಹಾಕಿ, “ಗುರುವಾರ, ಮೂರಕ್ಕೆ” ಎಂದು ಹೇಳಿ ಅವಳು ಹೋದಳು.

ಅವನು ನೀಲಿ ಹತ್ತಿದ ಬಲಗೈಯನ್ನು ತೊಳೆಯಲಿಲ್ಲ. ಮಾದರಿಯನ್ನೂ ಫಾರಂ ಅನ್ನೂ ಎಡಗೈಯಲ್ಲೇ ಎತ್ತಿಕೊಂಡು, ಮೊಣಕೈಯಿಂದ ಬಾಗಿಲು ತಳ್ಳಿ, ಮ್ಯಾನೇಜರಮ್ಮನ ಕೋಣೆಯತ್ತ ನಡೆದ.