ಹದಿನೇಳು ಮರುನೋಟಗಳು

ಪ್ರತಿ ಸೋಮವಾರ ಬೆಳಗ್ಗೆ ಒಂಬತ್ತಕ್ಕೆ ಉಡುಪಿಯ ಆ ಕಚೇರಿಯಲ್ಲಿ ಹದಿನೇಳು ಜನ ಸಾಲಾಗಿ ಕುಳಿತು, ಹಣೆಗೆ ಕಲಿಕಾಪಟ್ಟಿ ಕಟ್ಟಿಕೊಂಡು ಕಣ್ಣು ಮುಚ್ಚುತ್ತಿದ್ದರು. ಹತ್ತೊಂಬತ್ತು ನಿಮಿಷಕ್ಕೆ ಪಟ್ಟಿಯ ದೀಪ ಹಸಿರಾಗುತ್ತಿತ್ತು. ಕಣ್ಣು ಬಿಡುವಾಗ ಹೊಸದೊಂದು ಜಾಲಭಾಷೆ ತಲೆಯಲ್ಲಿ ಸಿದ್ಧವಾಗಿರುತ್ತಿತ್ತು. ಜಾಲತಾಣ ಕಟ್ಟುವ ವಿದ್ಯೆ ವಾರಕ್ಕೊಮ್ಮೆ ಬದಲಾಗುತ್ತಿದ್ದ ಕಾಲ ಅದು. ಪುಸ್ತಕ ಓದಿ ಕಲಿಯುವ ಪುರುಸೊತ್ತು ಯಾರಿಗಿತ್ತು?

ಪಟ್ಟಿಯನ್ನು ರೂಪಿಸಿದ ನರವಿಜ್ಞಾನಿ ಡಾ. ವಾರಿಜಾ ಹೆಬ್ಬಾರ್ ಮೊದಲ ದಿನವೇ ಬಂದು ಎಲ್ಲವನ್ನೂ ವಿವರಿಸಿದ್ದರು.

"ಮೆದುಳಿನಲ್ಲಿ ಜಾಗ ಇಲ್ಲ ಅಂತಲ್ಲ. ಹಳೇ ರೂಢಿ ಹೊಸತಕ್ಕೆ ಅಡ್ಡ ಬರ್ತದೆ. ಪಟ್ಟಿ ಆ ರೂಢಿಯನ್ನು ಅಳಿಸಿ ಹೊಸತಕ್ಕೆ ದಾರಿ ಮಾಡ್ತದೆ, ಅಷ್ಟೆ."

"ಯಾವುದನ್ನು ಅಳಿಸ್ಬೇಕು ಅಂತ ಅದಕ್ಕೆ ಹೇಗೆ ಗೊತ್ತಾಗ್ತದೆ ಮೇಡಂ?" ಎಂದು ಕೇಳಿದವಳು ಸುಹಾಸಿನಿ ಕುಂದರ್. ಅವಳು ಪುಟಗಳ ವಿನ್ಯಾಸ ಮಾಡುವವಳು. ಅವಳ ತಮ್ಮ ಜಯಂತ ಮಲ್ಪೆಯಿಂದ ಆಳಸಮುದ್ರಕ್ಕೆ ಹೋಗುವ ಬೋಟಿನಲ್ಲಿ ಮೀನು ಹಿಡಿಯುತ್ತಿದ್ದ.

"ಅದಕ್ಕೆ ಎಂತದೂ ಗೊತ್ತಿಲ್ಲ. ನೀವೇ ಹೇಳ್ಬೇಕು."

ಹೇಳುವುದಕ್ಕೆ ಒಂದು ಕ್ರಮವಿತ್ತು. ಶನಿವಾರ ಪ್ರತಿಯೊಬ್ಬರೂ ಒಂದು ಪುಟದ 'ಮರುನೋಟ' ಬರೆದು ಕೊಡಬೇಕು: ಈ ವಾರ ಏನು ಕಲಿತೆ, ಕಲಿತದ್ದರ ಬಗ್ಗೆ ಏನನ್ನಿಸಿತು, ಹಳೆಯದರಲ್ಲಿ ನನಗಿನ್ನು ಯಾವುದು ಬೇಡ. ಅದನ್ನು ಓದಿಕೊಂಡು ಸೋಮವಾರ ಪಟ್ಟಿ ಕೆಲಸ ಮಾಡುತ್ತಿತ್ತು. ಅವರವರ ತಲೆಯಿಂದ ಏನು ಹೋಗಬೇಕೆಂಬುದನ್ನು ಅವರವರೇ ತೀರ್ಮಾನಿಸುವ ಈ ಏರ್ಪಾಡಿನ ಬಗ್ಗೆ ಹೆಬ್ಬಾರರಿಗೆ ತುಂಬ ಹೆಮ್ಮೆಯಿತ್ತು. ಪಾಪ, ಅವರು ಎಂಜಿನಿಯರಿಂಗ್ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಅಲ್ಲಿ ಅಚ್ಚುಕಟ್ಟಾಗಿ ಬರೆಯುವವರೊಬ್ಬರ ಲ್ಯಾಬ್ ರೆಕಾರ್ಡನ್ನು ಇಡೀ ತರಗತಿ ನಕಲು ಮಾಡುವ ಪದ್ಧತಿ ಅವರಿಗೆ ಗೊತ್ತಿರಲಿಲ್ಲ.

ಕಚೇರಿಯಲ್ಲಿ ಅಂಥ ಅಚ್ಚುಕಟ್ಟಿನವಳು ಸುಹಾಸಿನಿ. ಶನಿವಾರ ಊಟವಾದ ಮೇಲೆ ಅವಳ ಮರುನೋಟ ಹದಿನಾರು ಮೇಜುಗಳನ್ನು ಸುತ್ತುತ್ತಿತ್ತು. ಮೇಲಿನ ಹೆಸರೊಂದು ಬದಲಾಗುತ್ತಿತ್ತು, ಉಳಿದದ್ದು ಇದ್ದ ಹಾಗೆಯೇ. ಅವಳೂ ಯಾರಿಗೂ ಇಲ್ಲ ಎನ್ನುತ್ತಿರಲಿಲ್ಲ.

ನವೆಂಬರಿನ ಒಂದು ಮಂಗಳವಾರ ಬೆಳಗ್ಗೆ ಹತ್ತು ಗಂಟೆಗೆ, ಉತ್ತರಕ್ಕೆ ಸಾಗುತ್ತಿದ್ದ ಚಂಡಮಾರುತ ದಿಕ್ಕು ಬದಲಿಸಿ ಸಂಜೆಯೊಳಗೆ ಕರಾವಳಿಯತ್ತ ಬರುವುದೆಂದು ಹವಾಮಾನದವರು ತಿಳಿಸಿದರು. ಕಡಲಿನಲ್ಲಿ ಇನ್ನೂರ ಹನ್ನೆರಡು ಬೋಟುಗಳಿದ್ದವು. ಜಯಂತನ ಬೋಟು ಎಲ್ಲಕ್ಕಿಂತ ದೂರದಲ್ಲಿತ್ತು. ಪ್ರತಿ ಬೋಟಿನಲ್ಲೂ ಒಂದೊಂದು ಎಚ್ಚರಿಕೆ ಪೆಟ್ಟಿಗೆ. ಈ ಕಚೇರಿಯ ಜಾಲಪುಟವೊಂದು ಹವಾಮಾನದ ಸುದ್ದಿಯನ್ನು ಉಪಗ್ರಹದ ಮೂಲಕ ಆ ಪೆಟ್ಟಿಗೆಗಳಿಗೆ ಮುಟ್ಟಿಸುತ್ತಿತ್ತು. ಅದು ಬರೆದು ಇಪ್ಪತ್ತೆರಡು ವರ್ಷವಾದ, ಹಳೆಯ ಭಾಷೆಯ ಪುಟ. ಅಂದು ಹವಾಮಾನದವರು ಸುದ್ದಿ ಕಳಿಸುವ ಮಾದರಿಯನ್ನು ತುಸು ಬದಲಿಸಿದ್ದರಿಂದ ಪುಟ ಮುಗ್ಗರಿಸಿ ನಿಂತಿತು. ಅದನ್ನು ಬರೆದ, ಆ ಹದಿನೇಳು ಜನರಲ್ಲೊಬ್ಬರಾದ ಭಾಸ್ಕರ ಮೆಂಡನ್ ಇಂಥದ್ದನ್ನು ವರ್ಷಕ್ಕೊಮ್ಮೆ ಅರ್ಧ ಗಂಟೆಯಲ್ಲಿ ಸರಿಪಡಿಸುತ್ತಿದ್ದರು.

ಸುಹಾಸಿನಿ ಓಡಿ ಬಂದಾಗ ಅವರು ಪರದೆಯನ್ನೇ ನೋಡುತ್ತಿದ್ದರು.

"ಭಾಸ್ಕರಣ್ಣ, ಎಷ್ಟು ಹೊತ್ತಾಗ್ತದೆ?"

"ಇದರ ಮೇಲೆ ನನ್ನ ಹೆಸರುಂಟು," ಎಂದರು ಅವರು ಮೆಲ್ಲಗೆ. "ನಾನೇ ಬರೆದದ್ದಿರ್ಬೇಕು. ಆದ್ರೆ ಒಂದು ಗೆರೆಯೂ ಅರ್ಥ ಆಗುವುದಿಲ್ಲ ಮಾರಾಯ್ತಿ."

ಅವರ ಕೈಕೆಳಗಿನ ಇಬ್ಬರಿಗೂ ಆಗಲಿಲ್ಲ. ಕೋಡ್ ಬರೆದುಕೊಡುವ ಯಂತ್ರ, ಈ ಭಾಷೆಯನ್ನು ತನ್ನಿಂದ ತೆಗೆದು ಆರು ವರ್ಷವಾಯಿತೆಂದು ತಿಳಿಸಿತು. ಹೊಸ ಭಾಷೆಯಲ್ಲಿ ಬರೆಯೋಣವೆಂದರೆ ಬೋಟಿನ ಪೆಟ್ಟಿಗೆಗಳಿಗೆ ಅದು ತಿಳಿಯದು. ದಡದ ವೈರ್‌ಲೆಸ್ ಅಷ್ಟು ದೂರ ಮುಟ್ಟದು. ಕಾವಲು ಹಡಗುಗಳೇನೋ ಹೊರಟವು. ಆದರೆ ಇದ್ದದ್ದು ಮೂರೇ ಹಡಗು.

ಹನ್ನೊಂದೂವರೆಗೆ ಹೆಬ್ಬಾರ್ ಬಂದು ಹಿಂದಿನ ಶನಿವಾರದ ಹದಿನೇಳು ಮರುನೋಟಗಳನ್ನೂ ಮೇಜಿನ ಮೇಲೆ ಹರಡಿದರು. ಅವುಗಳ ಪ್ರಕಾರ ಹದಿನೇಳು ಜನರೂ ಅಮ್ಮನ ಮಂಡಿನೋವಿಗಾಗಿ ಒಂದು ದಿನ ರಜೆ ಹಾಕಿದ್ದರು. ತೀರಿಹೋಗಿ ಹನ್ನೆರಡು ವರ್ಷವಾದ ಮೆಂಡನ್ ಅವರ ತಾಯಿಗೂ ಮಂಡಿನೋವು ಬಂದಿತ್ತು. ಬೇರೆ ಹೊತ್ತಾಗಿದ್ದರೆ ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು. ಹೆಬ್ಬಾರ್ ಕೊನೆಯ ಸಾಲುಗಳ ಮೇಲೆ ಬೆರಳಿಟ್ಟರು. ಸುಹಾಸಿನಿಯನ್ನು ಆ ವಾರ ಹೋಟೆಲುಗಳ ಜಾಲತಾಣದ ಕೆಲಸಕ್ಕೆ ಹಾಕಿದ್ದರು. ಅವಳು ಪ್ರಾಮಾಣಿಕವಾಗಿಯೇ ಬರೆದಿದ್ದಳು: "ಬೋಟುಗಳ ಎಚ್ಚರಿಕೆ ಪುಟದ ಹಳೆಯ ಭಾಷೆ ನನಗಿನ್ನು ಬೇಡ. ಅದನ್ನು ನೋಡಿಕೊಳ್ಳಲು ಭಾಸ್ಕರಣ್ಣ ಇದ್ದಾರೆ."

ಭಾಸ್ಕರಣ್ಣನ ಹಾಳೆಯಲ್ಲೂ ಅದೇ ಇತ್ತು. ಭಾಸ್ಕರಣ್ಣ ಇದ್ದಾರೆ ಎಂದು ಬರೆದು, ಕೆಳಗೆ ಭಾಸ್ಕರಣ್ಣನೇ ಸಹಿ ಹಾಕಿದ್ದರು.

"ಓದದೆ ಸಹಿ ಹಾಕಿದ್ರಾ?" ಎಂದು ಹೆಬ್ಬಾರ್ ಕೇಳಿದರು.

"ಆ ಭಾಷೆಯನ್ನೇ ಪಟ್ಟಿಯಿಂದ ವಾಪಸ್ ಕಲಿಸಿ ಮೇಡಂ," ಎಂದಳು ಸುಹಾಸಿನಿ. "ಹತ್ತೊಂಬತ್ತು ನಿಮಿಷ ಸಾಕಲ್ವಾ?"

"ಅದರ ಪಾಠ ಪಟ್ಟಿಯಲ್ಲಿ ಇಲ್ಲ ಸುಹಾಸಿನಿ. ಎಲ್ಲರಿಗೂ ಗೊತ್ತಿದ್ದದ್ದೇ ಅಂತ ನಾವು ಮಾಡ್ಲೇ ಇಲ್ಲ. ಇನ್ನು ಪುಸ್ತಕ ಹಿಡಿದು ಕಲಿಯುವುದೇ. ಎರಡು ತಿಂಗಳಾದ್ರೂ ಬೇಕು."

ಪರದೆಯ ಮೇಲಿನ ಭೂಪಟದಲ್ಲಿ ಬೋಟುಗಳ ಇನ್ನೂರ ಹನ್ನೆರಡು ಚುಕ್ಕೆಗಳು ನಿಶ್ಚಿಂತೆಯಿಂದ ಹರಡಿಕೊಂಡಿದ್ದವು. ದೂರದ ಒಂದು ಚುಕ್ಕೆ ಇನ್ನೂ ದೂರ ಸರಿಯುತ್ತಿತ್ತು. ತಾನು ಒಂದು ಸಾಲು ಬರೆಯದೆ ಇದ್ದಿದ್ದರೆ, ಅಥವಾ ಬರೆದದ್ದನ್ನು ಯಾರಿಗೂ ಕೊಡದೆ ಇದ್ದಿದ್ದರೆ ಎಂದು ಸುಹಾಸಿನಿಗೆ ಸಂಕಟವಾಯಿತು.

ಬೋಟಿನಿಂದ ದಡಕ್ಕೆ ಬರುವ ಸಂದೇಶದ ದಾರಿ ಬೇರೆ. ಅದು ಸರಿಯಾಗಿಯೇ ಇತ್ತು, ಆದರೆ ಅದರಲ್ಲಿ ದಡದಿಂದ ಉತ್ತರ ಕಳಿಸಲು ಬರುತ್ತಿರಲಿಲ್ಲ. ಹನ್ನೆರಡು ಗಂಟೆಗೆ ಅವಳ ಫೋನಿಗೆ ಜಯಂತನ ಸಂದೇಶ ಬಂತು:

"ಅಕ್ಕ, ಇಲ್ಲಿ ಭಾರೀ ಮೀನು ಉಂಟು. ಗಾಳಿ ಸ್ವಲ್ಪ ಜೋರಾಗಿದೆ, ವಾಪಸ್ ಹೋಗುವ ಅಂತ ಬೋಟು ನಡೆಸುವ ತಂಡೇಲರು ಹೇಳಿದ್ರು. ಎಂತಾದ್ರೂ ಇದ್ರೆ ನಮ್ಮ ಅಕ್ಕನ ಆಫೀಸಿನವರು ತಿಳಿಸದೆ ಇರುವುದಿಲ್ಲ ಅಂತ ನಾನೇ ಒಪ್ಪಿಸಿದೆ. ಇನ್ನೂ ಇಪ್ಪತ್ತು ಮೈಲು ಪಡುವಣಕ್ಕೆ ಹೋಗ್ತಾ ಇದ್ದೇವೆ."